ಬೀಳು ಬರಡಲ್ಲ: ಸೋಲಾರ್‌ಗೆ ಜಮೀನು ಕೊಡುವ ಮುನ್ನ

ಪ್ರಶ್ನೆ: ನಮ್ಮದು ಮಧುಗಿರಿ ತಾಲ್ಲೂಕು, ಒಟ್ಟು 14 ಎಕರೆ ಖುಷ್ಕಿ. ಎಂಟು ಎಕರೆಯಲ್ಲಿ ಕಡ್ಲೆಕಾಯಿ, ತೊಗರಿ, ರಾಗಿ ಹಾಕುತ್ತೇವೆ. ಉಳಿದ ಆರು ಎಕರೆ ನಮ್ಮ ತಾತನ ಕಾಲದಿಂದ ಬೀಳು. ಕುರಿ ಮೇಯುತ್ತವೆ, ಅಷ್ಟೆ. ಬೀಳಿಗೆ ಒತ್ತಿಕೊಂಡು ಊರ ಗೋಮಾಳವಿದೆ. ಬೆಳಗಿನ ಹೊತ್ತು ಅಲ್ಲಿಂದ ನಮ್ಮ ಬೀಳಿಗೆ ಕೃಷ್ಣಮೃಗದ ಹಿಂಡು ಬರುತ್ತದೆ. ಸೋಲಾರ್ ಕಂಪನಿಯೊಂದು 14 ಎಕರೆಯನ್ನೂ 28 ವರ್ಷ ಗುತ್ತಿಗೆಗೆ ಕೇಳುತ್ತಿದೆ. ‘ಇದು ಬರಡು ನೆಲ, ಇಲ್ಲಿ ಹಾಳಾಗುವಂಥದ್ದು ಏನೂ ಇಲ್ಲ, ಬೇಕಾದರೆ ಸುತ್ತ ಸಾವಿರಾರು ಗಿಡ ನೆಡುತ್ತೇವೆ’ ಅನ್ನುತ್ತಾರೆ. ಊರಲ್ಲಿ ಕೆಲವರು ಪ್ಯಾನೆಲ್ ಬಂದರೆ ಮಳೆ ನಿಲ್ಲುತ್ತದೆ, ಮಣ್ಣು ವಿಷವಾಗುತ್ತದೆ, ಹಕ್ಕಿ ಬರುವುದಿಲ್ಲ ಅನ್ನುತ್ತಾರೆ. ನನಗೆ ಬಾಡಿಗೆ ಬೇಕು, ಸಾಲವಿದೆ. ಆದರೆ ಜಿಂಕೆ ಓಡಾಡುವ ಜಾಗ ನನ್ನ ಕೈಯಾರೆ ಹಾಳಾಗಬಾರದು. ಕೊಡಬಹುದೇ? ಕೊಟ್ಟರೆ ಯಾವ ಷರತ್ತು ಹಾಕಬೇಕು? ಮುಂದೆ ಹುಲ್ಲು, ಪ್ರಾಣಿ ವಾಪಸ್ ಬರುತ್ತವೆಯೇ?

ಉತ್ತರ: ನಿಮ್ಮ 14 ಎಕರೆಯನ್ನು ಒಂದೇ ಜಮೀನೆಂದು ನೋಡಬೇಡಿ. ಅಲ್ಲಿ ಎರಡು ಬಗೆಯ ನೆಲವಿದೆ. ಉತ್ತ ಎಂಟು ಎಕರೆಯನ್ನು ಒಳ್ಳೆಯ ಷರತ್ತು ಹಾಕಿ ಕೊಡಬಹುದು. ನೇಗಿಲು ಕಾಣದ ಆರು ಎಕರೆಯನ್ನು ಕೊಡಬೇಡಿ.

ಕಂಪನಿಯವರು ‘ಬರಡು’ ಅನ್ನುವುದಕ್ಕೆ ಒಂದು ಹಿನ್ನೆಲೆಯಿದೆ. ಬ್ರಿಟಿಷರ ಕಂದಾಯ ಲೆಕ್ಕದಲ್ಲಿ ಕಂದಾಯ ಹುಟ್ಟದ ನೆಲವೆಲ್ಲ ಪಾಳು. ಆ ಕಣ್ಣು ಇಂದಿಗೂ ಹೋಗಿಲ್ಲ; ಸರ್ಕಾರದ ಪಾಳುಭೂಮಿ ನಕ್ಷೆಗಳಲ್ಲಿ ಹುಲ್ಲುಗಾವಲು, ಕುರುಚಲು ಕಾಡು ಎಲ್ಲವೂ ಅದೇ ಪಟ್ಟಿಗೆ ಸೇರಿವೆ. ನಿಮ್ಮ ಬೀಳನ್ನು ಸೆಪ್ಟೆಂಬರ್ ಕೊನೆಯಲ್ಲಿ, ಹುಲ್ಲು ತೆನೆ ಬಿಟ್ಟಾಗ ಒಮ್ಮೆ ಅಳೆದು ನೋಡಿ. ನಾಲ್ಕು ಕೋಲು ಕಟ್ಟಿ ಒಂದು ಮೀಟರ್ ಚೌಕ ಮಾಡಿಕೊಂಡು ಇಪ್ಪತ್ತು ಕಡೆ ಇಡಿ. ಪ್ರತಿ ಚೌಕದಲ್ಲಿ ಎಷ್ಟು ಬಗೆಯ ಹುಲ್ಲಿದೆ, ಅದರಲ್ಲಿ ಬುಡ ಕಟ್ಟಿಕೊಂಡು ವರ್ಷದಿಂದ ವರ್ಷಕ್ಕೆ ಚಿಗುರುವಂಥವು ಎಷ್ಟು ಎಂದು ಬರೆದುಕೊಳ್ಳಿ. ಹೆಚ್ಚಿನ ಚೌಕಗಳಲ್ಲಿ ಇಂಥ ಬುಡಗಳಿದ್ದು, ನಡುವೆ ಹುತ್ತಗಳು, ಒಂದೇ ಕಡೆ ಗುಡ್ಡೆ ಬಿದ್ದ ಕೃಷ್ಣಮೃಗದ ಹಿಕ್ಕೆ, ನೆಲದ ಮೇಲೇ ಮೊಟ್ಟೆಯಿಡುವ ಟಿಟ್ಟಿಭ, ನೆಲಗುಬ್ಬಿ, ಗೌಜಲು ಕಂಡರೆ ಅದು ಬದುಕಿರುವ ಹುಲ್ಲುಗಾವಲು. ಬರೀ ಕಾಂಗ್ರೆಸ್ ಗಿಡ ಮತ್ತು ಒಂದು ಮಳೆಗೆ ಹುಟ್ಟಿ ಸಾಯುವ ಹುಲ್ಲು ಇದ್ದರೆ, ಅದು ಹಿಂದೆ ಎಂದೋ ಉತ್ತು ಬಿಟ್ಟ ನೆಲ. ಆಗ ನನ್ನ ಉತ್ತರ ಬೇರೆಯಾಗುತ್ತದೆ. ತಾತನ ಕಾಲದಿಂದ ಬೀಳು ಅನ್ನುವ ನಿಮ್ಮ ಮಾತು ನೋಡಿದರೆ ಮೊದಲನೆಯದೇ ಇರಬೇಕು.

ಹಳೆಯ ಹುಲ್ಲುಗಾವಲಿನ ಬಲವೆಲ್ಲ ನೆಲದ ಕೆಳಗಿರುತ್ತದೆ. ಬೇರು, ಗೆಡ್ಡೆ, ಮಣ್ಣಿನ ಜೀವಿಗಳು ಸೇರಿ ಕಟ್ಟಿದ ಆ ಜಾಲವನ್ನು ಡೋಜರ್ ಒಂದು ದಿನದಲ್ಲಿ ಕಿತ್ತು ಹಾಕುತ್ತದೆ. ಮತ್ತೆ ಹುಲ್ಲು ಬಿತ್ತಿದರೆ ಮೂರು ವರ್ಷಕ್ಕೆ ಹಸಿರು ಬರುತ್ತದೆ, ಮೇವೂ ಸಿಗುತ್ತದೆ. ಆದರೆ ಮೊದಲಿದ್ದ ಸಸ್ಯಗಳ ಕೂಟ ಮರಳಲು ದಶಕಗಳು ಬೇಕು, ಕೆಲವೊಮ್ಮೆ ನೂರು ವರ್ಷವೂ ಸಾಲದು. ಉತ್ತ ಹೊಲ ಮಾತ್ರ ಈ ನಷ್ಟವನ್ನು ಎಂದೋ ಕಂಡಾಗಿದೆ. ಅದರ ಮೇಲೆ ಪ್ಯಾನೆಲ್ ನಿಂತು ಅಡಿಯಲ್ಲಿ ಹುಲ್ಲು ಬೆಳೆದರೆ ಕೆಲವು ಜೀವಿಗಳಿಗೆ ಮೊದಲಿಗಿಂತ ಒಳ್ಳೆಯದೇ ಆಗಬಹುದು.

ಇನ್ನು ಊರಿನವರ ಮಾತು. ಪ್ಯಾನೆಲ್‌ನಿಂದ ಮಳೆ ನಿಲ್ಲುವುದಿಲ್ಲ. ನಿಮ್ಮ ಕಡೆಯ ಮಳೆ ದೂರದ ಸಮುದ್ರದಿಂದ ಬರುವ ಮಾರುತಗಳ ಲೆಕ್ಕ. ಕೆಲವು ನೂರು ಎಕರೆ ಗಾಜು ಅದನ್ನು ತಡೆಯಲಾರದು. ಹಾಗೆಂದು ಬಿಸಿಯ ಮಾತು ಪೂರ್ತಿ ಸುಳ್ಳಲ್ಲ. ಅಮೆರಿಕದ ಅರಿಝೋನಾದಲ್ಲಿ ಅಳೆದಾಗ, ಪಕ್ಕದ ಬಯಲಿಗಿಂತ ಸೋಲಾರ್ ಸ್ಥಾವರದ ಮೇಲಿನ ಗಾಳಿ ರಾತ್ರಿ ಹೊತ್ತು 3–4 ಡಿಗ್ರಿ ಹೆಚ್ಚು ಬೆಚ್ಚಗಿತ್ತು. ನೆಲವನ್ನು ಬೋಳು ಮಾಡಿ ಜಲ್ಲಿ ಹಾಸಿದಲ್ಲಿ ಇದು ಜೋರಾಗುತ್ತದೆ, ಹುಲ್ಲು ಇದ್ದಲ್ಲಿ ಕಡಿಮೆಯಾಗುತ್ತದೆ. ಪ್ಯಾನೆಲ್ ಅಡಿಯ ಮಣ್ಣಂತೂ ಹಗಲಲ್ಲಿ ತಂಪಾಗಿರುತ್ತದೆ, ತೇವ ಹೆಚ್ಚು ದಿನ ನಿಲ್ಲುತ್ತದೆ.

ಮಣ್ಣು ವಿಷವಾಗುವ ಭಯಕ್ಕೆ ಉತ್ತರ ಪ್ಯಾನೆಲ್ ಯಾವ ಬಗೆಯದು ಎನ್ನುವುದರ ಮೇಲಿದೆ. ಸಾಮಾನ್ಯವಾಗಿ ಬಳಸುವುದು ಸಿಲಿಕಾನ್ ಪ್ಯಾನೆಲ್; ಅದರ ಬೆಸುಗೆಯಲ್ಲಿ ಸ್ವಲ್ಪ ಸೀಸ ಇರುತ್ತದೆ, ಗಾಜು ಗಟ್ಟಿಯಾಗಿರುವ ತನಕ ಹೊರಬರುವುದಿಲ್ಲ. ತೆಳುಪದರದ ಕೆಲವು ಪ್ಯಾನೆಲ್‌ಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ ಇರುತ್ತದೆ. ಯಾವುದು ಹಾಕುತ್ತಾರೆಂದು ಬರವಣಿಗೆಯಲ್ಲಿ ಕೇಳಿ. ಒಡೆದ ಪ್ಯಾನೆಲ್ ಬದುವಿನ ಪಕ್ಕ ವರ್ಷಗಟ್ಟಲೆ ಬಿದ್ದಿರುವುದೇ ನಿಜವಾದ ಅಪಾಯ. 2022ರ ಇ-ತ್ಯಾಜ್ಯ ನಿಯಮಗಳು ಸೋಲಾರ್ ಪ್ಯಾನೆಲ್‌ಗೂ ಅನ್ವಯಿಸುತ್ತವೆ. ಒಡೆದದ್ದನ್ನು 15 ದಿನದೊಳಗೆ ಜಮೀನಿನಿಂದ ಸಾಗಿಸಬೇಕೆಂದು ಕರಾರಿನಲ್ಲೇ ಬರೆಸಿ.

ಹಕ್ಕಿಗಳ ವಿಷಯದಲ್ಲಿ ಊರಿನವರ ಅನುಮಾನ ಸರಿ, ಆದರೆ ಬೊಟ್ಟು ತಪ್ಪು ಜಾಗಕ್ಕೆ ಹೋಗಿದೆ. ಪ್ಯಾನೆಲ್ಲನ್ನು ನೀರೆಂದು ಭ್ರಮಿಸಿ ಹಕ್ಕಿಗಳು ಇಳಿಯುತ್ತವೆ ಎಂಬುದು ಇನ್ನೂ ಚರ್ಚೆಯಲ್ಲಿರುವ ವಿಷಯ. ನೀರಿನಲ್ಲಿ ಮೊಟ್ಟೆಯಿಡುವ ಕೀಟಗಳು ಮೋಸ ಹೋಗುವುದಂತೂ ನಿಜ. ಹಕ್ಕಿಗಳನ್ನು ಹೆಚ್ಚಾಗಿ ಕೊಲ್ಲುವುದು ಸ್ಥಾವರದಿಂದ ಹೊರಡುವ ತಂತಿ. ಹದ್ದು, ಗಿಡುಗಗಳು 11 ಮತ್ತು 33 ಕಿಲೋವೋಲ್ಟ್ ಕಂಬದ ಮೇಲೆ ಕೂತು ರೆಕ್ಕೆ ಬಿಚ್ಚಿದಾಗ ಒಂದು ರೆಕ್ಕೆ ತಂತಿಗೂ ಇನ್ನೊಂದು ಕಬ್ಬಿಣದ ಅಡ್ಡಪಟ್ಟಿಗೂ ತಗುಲಿ ಸುಟ್ಟುಹೋಗುತ್ತವೆ. ಎರೆಬೂತದಂಥ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಭಾರದ ಹಕ್ಕಿಗೆ ಕಣ್ಣು ತಲೆಯ ಪಕ್ಕಗಳಲ್ಲಿದ್ದು ಮುಂದಿನ ನೋಟ ಕಿರಿದು. ತಂತಿ ಕಂಡಾಗ ತಿರುಗಲು ಸಮಯ ಉಳಿದಿರುವುದಿಲ್ಲ. ರಾಜಸ್ಥಾನ, ಗುಜರಾತಿನ ಎರೆಬೂತದ ನೆಲೆಗಳಲ್ಲಿ ತಂತಿಯನ್ನು ನೆಲದಡಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಹೇಳಿದ್ದು ಇದಕ್ಕೇ. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ, ಎಲ್ಲಿ ಏನು ಸಾಧ್ಯ ಎಂದು ನೋಡಲು ತಜ್ಞರ ಸಮಿತಿ ಮಾಡಿತು. ಹಕ್ಕಿಯ ಉಳಿವು, ಹವಾಮಾನದ ಉಳಿವು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಎಷ್ಟು ಕಷ್ಟ ಎಂಬುದು ಆ ಎರಡು ಆದೇಶಗಳಲ್ಲೇ ಕಾಣುತ್ತದೆ. ನಮ್ಮಲ್ಲಿ ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟೇ ಎರೆಬೂತಗಳಿವೆ. ನಿಮ್ಮ ಕಡೆ ಅವಿಲ್ಲ, ಆದರೆ ಬಯಲಿನ ಗಿಡುಗಗಳಿವೆ. ಸ್ಥಾವರದಿಂದ ಸಬ್‌ಸ್ಟೇಷನ್‌ವರೆಗಿನ 11 ಅಥವಾ 33 ಕಿಲೋವೋಲ್ಟ್ ಮಾರ್ಗ ಗೋಮಾಳ ದಾಟುವ ಕಡೆಯಾದರೂ ನೆಲದಡಿಯ ಕೇಬಲ್ ಆಗಲಿ ಎಂದು ಪಟ್ಟು ಹಿಡಿಯಿರಿ. ಈ ವೋಲ್ಟೇಜಿನಲ್ಲಿ ಅದು ಕಷ್ಟದ ಕೆಲಸವಲ್ಲ. ಉಳಿದ ಕಂಬಗಳಲ್ಲಿ ಜಂಪರ್ ತಂತಿಗೆ (ಕಂಬದ ಮೇಲೆ ಎರಡು ತಂತಿಗಳನ್ನು ಸೇರಿಸುವ ತುಂಡಿಗೆ), ಇನ್ಸುಲೇಟರ್ ಬಳಿಯ ತಂತಿಗೆ ರಬ್ಬರ್ ಕವಚ ಹಾಕಿಸಿ. ತಂತಿಗೆ ನೇತುಹಾಕುವ, ಗಾಳಿಗೆ ತಿರುಗುವ ಬಿಲ್ಲೆಗಳು ಡಿಕ್ಕಿಯನ್ನು ಕಡಿಮೆ ಮಾಡುತ್ತವೆ, ನಿಲ್ಲಿಸುವುದಿಲ್ಲ. ಅವು ಬಿದ್ದುಹೋಗುತ್ತವೆ ಕೂಡ, ವರ್ಷಕ್ಕೊಮ್ಮೆ ನೋಡಬೇಕು.

ಈಗ ಕೃಷ್ಣಮೃಗ. ಅದಕ್ಕೆ ಬೇಕಾದದ್ದು ತೆರೆದ ಬಯಲು, ದೂರದವರೆಗೆ ನೋಟ, ಅಪಾಯ ಕಂಡರೆ ಓಡಲು ಜಾಗ. ಪ್ಯಾನೆಲ್ ಸಾಲುಗಳ ನಡುವೆ ಅದು ಬಾಳುವುದಿಲ್ಲ. ನಿಮ್ಮ ನೆರೆಯ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು 798 ಎಕರೆ, ಅಷ್ಟೆ. ಆ ಮೀಸಲಿನ ಪ್ರಾಣಿಗಳು ಗಡಿಕಲ್ಲು ನೋಡಿ ನಿಲ್ಲುವುದಿಲ್ಲ. ಸುತ್ತಲಿನ ಬೀಳು, ಗೋಮಾಳ, ಕೊಯ್ದ ಹೊಲಗಳೇ ಅವುಗಳ ಅರ್ಧ ಬದುಕು. ನಿಮ್ಮ ಆರು ಎಕರೆ ಚಿಕ್ಕದು. ಆದರೆ ಗೋಮಾಳಕ್ಕೆ ಅಂಟಿಕೊಂಡಿರುವುದರಿಂದ ಅದಕ್ಕೆ ಬೇಲಿ ಬಿದ್ದರೆ ಗೋಮಾಳದ ಒಂದು ಬಾಯಿ ಮುಚ್ಚಿದಂತೆ.

ಗಿಡ ನೆಡುವ ಭರವಸೆಯನ್ನು ನಯವಾಗಿ ಬೇಡವೆನ್ನಿ. ಹುಲ್ಲುಗಾವಲಿನಲ್ಲಿ ಮರ ನೆಡುವುದು ಅದನ್ನು ಮುಗಿಸುವ ಇನ್ನೊಂದು ದಾರಿ. ನೆರಳಿಗೆ ಹುಲ್ಲು ಸೊರಗುತ್ತದೆ, ಗಿಡುಗಕ್ಕೂ ಕಾಗೆಗೂ ಕೂರಲು ಕೊಂಬೆ ಸಿಕ್ಕಿ ನೆಲದ ಮೇಲಿನ ಗೂಡುಗಳು ಖಾಲಿಯಾಗುತ್ತವೆ, ಬಯಲಿನ ಪ್ರಾಣಿಗೆ ದೂರದ ನೋಟ ಹೋಗುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಬಹುಭಾಗ ನೀಲಗಿರಿ ನೆಡುತೋಪಾಯಿತು. ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿದ್ದ ಎರೆಬೂತ ಈಗ ಇಲ್ಲ. ಗಿಡದ ದುಡ್ಡನ್ನು ಹುಲ್ಲಿಗೆ ಹಾಕಿ ಅನ್ನಿ.

ಕಾಗದದ ಕಡೆಗೆ ಬರುತ್ತೇನೆ, ಏಕೆಂದರೆ ನಿಮ್ಮ ಕೈಯಲ್ಲಿರುವ ದೊಡ್ಡ ಶಕ್ತಿ ಅದು. ಸೋಲಾರ್ ಮತ್ತು ಗಾಳಿ ವಿದ್ಯುತ್ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪೂರ್ವಾನುಮತಿ ಬೇಕಿಲ್ಲ. ಅರಣ್ಯ ಭೂಮಿಯಾದರೆ ಬೇರೆ ಮಾತು. ಖಾಸಗಿ ಹೊಲದಲ್ಲಿ ಹುಲ್ಲು, ಹಕ್ಕಿ, ಜಿಂಕೆಯ ಸ್ಥಿತಿ ಮೊದಲು ಹೇಗಿತ್ತು, ಆಮೇಲೆ ಏನಾಯಿತು ಎಂದು ಕೇಳುವ ಅಧಿಕಾರಿ ಯಾರೂ ಬರುವುದಿಲ್ಲ. ಹಾಗಾಗಿ ನಿಮ್ಮ ಗುತ್ತಿಗೆ ಪತ್ರದಲ್ಲಿ ಇಲ್ಲದ ಯಾವ ಷರತ್ತೂ ಆ ನೆಲದ ಮೇಲೆ ಇರುವುದಿಲ್ಲ. ಇದು ವ್ಯವಸ್ಥೆಯ ದೊಡ್ಡ ಕೊರತೆ, ಸರಿಯಾಗಬೇಕು. ಅಲ್ಲಿಯವರೆಗೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲಿ, ಸಹಿಗೆ ಮೊದಲು ನಿಮ್ಮದೇ ವಕೀಲರು ಓದಲಿ, ಕಂಪನಿ ಕರೆತಂದವರಲ್ಲ.

ಷರತ್ತುಗಳಲ್ಲಿ ಮೊದಲನೆಯದು ನೆಲ ಮಟ್ಟ ಮಾಡುವ ವಿಷಯ. ಸೋಲಾರ್ ಜಾಗಗಳಲ್ಲಿ ಮತ್ತೆ ಮತ್ತೆ ಕಾಣುವ ಹಾನಿ ಪ್ಯಾನೆಲ್‌ನದ್ದಲ್ಲ, ಮೊದಲ ಮೂರು ತಿಂಗಳ ಜೆಸಿಬಿಯದ್ದು. ಇಳಿಜಾರು ಇದ್ದಂತೆಯೇ ಇರಲಿ, ಕಂಬದ ಎತ್ತರ ಹೆಚ್ಚುಕಡಿಮೆ ಮಾಡಿಕೊಳ್ಳಲಿ. ಕಾಂಕ್ರೀಟ್ ಪಾಯಕ್ಕಿಂತ ನೆಲಕ್ಕೆ ಬಡಿದು ಇಳಿಸುವ ಉಕ್ಕಿನ ಕಂಬ ಮೇಲು. ಕೊನೆಗೆ ಕೀಳುವುದು ಸುಲಭ. ಅಡಿಯಲ್ಲಿ ಬಂಡೆಯಿದ್ದರೆ ಮಾತ್ರ ಕೊರೆದು ಕಾಂಕ್ರೀಟ್ ತುಂಬಬೇಕಾಗುತ್ತದೆ, ನಿಮ್ಮ ಕಡೆ ಅದು ಕೆಲವು ಕಡೆ ತಪ್ಪದು. ರಸ್ತೆಗೆ, ಇನ್ವರ್ಟರ್ ಕಟ್ಟೆಗೆ ಅಗೆಯುವಲ್ಲಿ ಮೇಲಿನ 15–20 ಸೆಂಟಿಮೀಟರ್ ಮಣ್ಣನ್ನು ಬೇರೆ ತೆಗೆದು, ಒಂದೂವರೆ ಮೀಟರಿಗಿಂತ ಎತ್ತರವಿಲ್ಲದ ರಾಶಿ ಮಾಡಿ, ಅದೇ ವರ್ಷ ವಾಪಸ್ ಹರಡಬೇಕು. ಎತ್ತರದ ರಾಶಿಯ ಹೊಟ್ಟೆಯಲ್ಲಿ ಗಾಳಿಯಾಡದೆ ಬೀಜ, ಮಣ್ಣಿನ ಜೀವ ಎರಡೂ ಸಾಯುತ್ತವೆ.

ಎರಡನೆಯದು ನೀರು. ನಾಲ್ಕು ಮೀಟರ್ ಅಗಲದ ಪ್ಯಾನೆಲ್ ಸಾಲಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ, ಕೆಳ ಅಂಚಿನ ಪ್ರತಿ ಮೀಟರಿಗೂ ಸುಮಾರು 190 ಲೀಟರ್ ನೀರು ಒಂದೇ ಗೆರೆಯಲ್ಲಿ ಸುರಿಯುತ್ತದೆ. ಕೆಂಪು ಮಣ್ಣಿನಲ್ಲಿ ಅದು ಮೊದಲ ಮುಂಗಾರಿಗೇ ಕೊರಕಲು ತೆಗೆಯುತ್ತದೆ, ಎರಡನೆಯದಕ್ಕೆ ಕಂಬದ ಬುಡ ಕಾಣಿಸುತ್ತದೆ. ಎರಡು ಪ್ಯಾನೆಲ್‌ಗಳ ನಡುವೆ ಒಂದೆರಡು ಸೆಂಟಿಮೀಟರ್ ಸಂದು ಬಿಟ್ಟರೆ ನೀರು ಹಂಚಿ ಬೀಳುತ್ತದೆ. ನೀರು ಸುರಿಯುವ ಗೆರೆಯಲ್ಲಿ ಬುಡಕಟ್ಟುವ ಹುಲ್ಲು ನಾಟಿ ಮಾಡಬೇಕು, ಈಗಿರುವ ಬದುಗಳನ್ನು ಒಡೆಯಬಾರದು. ತೊಳೆಯುವ ನೀರನ್ನೂ ಕೇಳಿ. ಪ್ಯಾನೆಲ್‌ಗೆ ಒಂದೂವರೆಯಿಂದ ಮೂರು ಲೀಟರ್ ಎಂದಿಟ್ಟುಕೊಂಡರೆ, ಒಂದು ಮೆಗಾವ್ಯಾಟಿನ ಎರಡು ಸಾವಿರ ಪ್ಯಾನೆಲ್‌ಗೆ ಒಂದು ಸಲಕ್ಕೆ ಮೂರರಿಂದ ಆರು ಸಾವಿರ ಲೀಟರ್. ಊರಿನ ಬೋರ್‌ಗಳು ಬತ್ತುವ ಕಡೆ ಇದಕ್ಕೆ ಹೊಸ ಬೋರ್ ಕೊರೆಯಲು ಬಿಡಬೇಡಿ; ನೀರಿಲ್ಲದೆ ಬ್ರಷ್ಷಿನಿಂದ ಒರೆಸುವ ಯಂತ್ರಗಳಿವೆ.

ಮೂರನೆಯದು ಅಡಿಯ ಹುಲ್ಲು. ಕಂಪನಿಗಳು ಸಾಮಾನ್ಯವಾಗಿ ಕಳೆನಾಶಕ ಹೊಡೆದು ಬೋಳು ಮಾಡುತ್ತವೆ, ಕಾರಣ ಬೆಂಕಿಯ ಭಯ ಮತ್ತು ಪ್ಯಾನೆಲ್ ಮೇಲಿನ ನೆರಳು. ಎರಡೂ ನ್ಯಾಯವಾದ ಭಯಗಳೇ, ಎರಡಕ್ಕೂ ಬೇರೆ ಪರಿಹಾರವಿದೆ. ಪ್ಯಾನೆಲ್ಲಿನ ಕೆಳ ಅಂಚು ನೆಲದಿಂದ ಅರ್ಧ ಮೀಟರ್ ಬದಲು ಒಂದು ಮೀಟರ್ ಇರಲಿ. ಅಲ್ಲಿಗೆ ಮೊಣಕಾಲೆತ್ತರದ ಹುಲ್ಲು ಅಡ್ಡಿಯಾಗುವುದಿಲ್ಲ, ಕುರಿಗಳೂ ನುಸುಳಿ ಮೇಯುತ್ತವೆ. ಕುರಿ ಮಾತ್ರ, ಮೇಕೆ ಬೇಡ. ಮೇಕೆ ಪ್ಯಾನೆಲ್ ಮೇಲೆ ಹತ್ತುತ್ತದೆ, ಕೇಬಲ್ ಕಡಿಯುತ್ತದೆ. ಎಮ್ಮೆ ದನ ಮೈ ಉಜ್ಜಿ ಕಂಬ ವಾಲಿಸುತ್ತವೆ. ಬೀಜ ಉದುರಿದ ಮೇಲೆ, ಡಿಸೆಂಬರ್ ಹೊತ್ತಿಗೆ ಹುಲ್ಲನ್ನು 10–15 ಸೆಂಟಿಮೀಟರ್ ಬಿಟ್ಟು ಕೊಯ್ದು ಊರಿನವರಿಗೆ ಮೇವಾಗಿ ಕೊಡಲಿ. ಇನ್ವರ್ಟರ್ ಸುತ್ತ ಐದು ಮೀಟರ್ ಮಾತ್ರ ಬೋಳಾಗಿರಲಿ. ಪಕ್ಕದ ಪಾವಗಡದ ಸೋಲಾರ್ ಪಾರ್ಕ್‌ನಲ್ಲಿ 13,000 ಎಕರೆ ಬೇಲಿಯೊಳಗೆ ಹೋದಾಗ ಕುರಿಗಾಹಿಗಳಿಗೂ ಕೂಲಿಯವರಿಗೂ ದೊಡ್ಡ ಪೆಟ್ಟು ಬಿತ್ತು. ಜಮೀನಿದ್ದವರಿಗೆ ಬಾಡಿಗೆ ಬಂತು, ಜಮೀನಿಲ್ಲದವರ ಮೇವಿಗೆ ಲೆಕ್ಕವೇ ಇರಲಿಲ್ಲ. ಮೇವಿನ ಹಕ್ಕನ್ನು ಪತ್ರದಲ್ಲಿ ಬರೆಸಿದರೆ ಆ ಪೆಟ್ಟು ಸ್ವಲ್ಪವಾದರೂ ತಗ್ಗುತ್ತದೆ.

ಬೇಲಿಯ ಅಡಿಯಲ್ಲಿ 15–20 ಸೆಂಟಿಮೀಟರ್ ಸಂದು ಬಿಡಿಸಿ. ಮೊಲ, ಮುಂಗುಸಿ, ಉಡ, ನರಿ ಓಡಾಡುತ್ತವೆ. ಮುಳ್ಳುತಂತಿ ಬೇಡ. ಕೃಷ್ಣಮೃಗ ಬೇಲಿ ಕಂಡರೆ ಹಾರುವುದಕ್ಕಿಂತ ಅಡಿಯಿಂದ ನುಸುಳಲು ನೋಡುತ್ತದೆ, ನಾಯಿ ಅಟ್ಟಿಸಿದಾಗ ಮುಳ್ಳಿಗೆ ಸಿಕ್ಕಿ ಮೈ ಹರಿದುಕೊಳ್ಳುತ್ತದೆ. ನಾಯಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ: ಕೆಲಸಗಾರರ ಶೆಡ್ಡಿನ ಎಂಜಲು ನಾಯಿಗಳನ್ನು ಸೇರಿಸುತ್ತದೆ, ಅವು ಹುಲ್ಲಲ್ಲಿ ಅಡಗಿ ಮಲಗಿದ ಮರಿಗಳನ್ನು ಹುಡುಕಿ ಕೊಲ್ಲುತ್ತವೆ. ಶೆಡ್ಡು ಗೋಮಾಳದ ಕಡೆ ಬೇಡ, ಕಸ ದಿನವೂ ಹೋಗಬೇಕು. ರಾತ್ರಿ ದೀಪಗಳು ಗೇಟಿನ ಬಳಿ ಮಾತ್ರ, ಕೆಳಮುಖವಾಗಿ.

ಬಾಡಿಗೆಯ ಲೆಕ್ಕ ಒಮ್ಮೆ ಮಾಡಿ ನೋಡಿ. ಪಾವಗಡದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ ಎಂದು ಆರಂಭವಾಯಿತು. ಅದೇ ಲೆಕ್ಕದಲ್ಲಿ 28ನೇ ವರ್ಷಕ್ಕೆ ಸಿಗುವುದು ಸುಮಾರು 39,600. ಅಂದರೆ ವರ್ಷಕ್ಕೆ ಎರಡೂವರೆ ಶೇಕಡದಷ್ಟೂ ಏರಿಕೆಯಿಲ್ಲ. ಬೆಲೆಯೇರಿಕೆ ಅದಕ್ಕಿಂತ ವೇಗವಾಗಿ ಓಡುತ್ತದೆ. ವರ್ಷಕ್ಕೊಮ್ಮೆ ಶೇಕಡ 5 ಕೇಳುವುದು ಅತಿಯಾಸೆಯಲ್ಲ. ಕೊನೆಯಲ್ಲಿ ಕಂಬ, ಕೇಬಲ್, ಕಾಂಕ್ರೀಟನ್ನು ನೆಲದಿಂದ ಒಂದು ಮೀಟರ್ ಆಳದವರೆಗೆ ತೆಗೆದು, ಮೇಲ್ಮಣ್ಣು ಹರಡಿ, ಹುಲ್ಲು ಬಿತ್ತಿ ಒಪ್ಪಿಸಬೇಕು. ಅದಕ್ಕೆ ಬ್ಯಾಂಕ್ ಗ್ಯಾರಂಟಿ ಬೇಕು. ಗುತ್ತಿಗೆಯ ನಡುವೆ ಕಂಪನಿ ಕೈ ಬದಲಾದರೆ ಹೊಸಬರಿಗೂ ಇದೇ ಷರತ್ತು ಅನ್ವಯ ಎಂಬ ಸಾಲು ಮರೆಯಬೇಡಿ. ಈ ಸಾಲು ಇಲ್ಲದ ಪತ್ರಗಳೇ ಮುಂದೆ ಜಗಳ ತರುತ್ತವೆ.

‘ಕೊಟ್ಟರೆ 14, ಇಲ್ಲದಿದ್ದರೆ ಬೇಡ’ ಎಂದರೆ? ಆರು ಎಕರೆಯನ್ನು ಪ್ಯಾನೆಲ್, ಬೇಲಿ, ರಸ್ತೆ ಯಾವುದೂ ಇಲ್ಲದ ಮೀಸಲು ಬಯಲೆಂದು ಪತ್ರದಲ್ಲಿ ಸೇರಿಸಿ, ಅದಕ್ಕೆ ಅರ್ಧ ಬಾಡಿಗೆ ಕೇಳಿ. ಅಕ್ಕಪಕ್ಕದ ಬೀಳಿನವರೂ ಒಟ್ಟಾದರೆ ಮಾತಿಗೆ ತೂಕ ಬರುತ್ತದೆ. ಅದೂ ಆಗದಿದ್ದರೆ ಇನ್ನೊಂದು ದಾರಿ, ಈಗಲೂ ಅರ್ಜಿ ತೆಗೆದುಕೊಳ್ಳುತ್ತಿದ್ದರೆ, ಕೇಂದ್ರದ ಪಿಎಂ-ಕುಸುಮ್ ಯೋಜನೆಯ ಮೊದಲ ಭಾಗ. ಸಬ್‌ಸ್ಟೇಷನ್‌ನಿಂದ ಐದು ಕಿಲೋಮೀಟರ್ ಒಳಗೆ ರೈತರು ಅಥವಾ ರೈತರ ಗುಂಪು 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್‌ವರೆಗೆ ಸ್ಥಾವರ ಹಾಕಬಹುದು. ಮೆಗಾವ್ಯಾಟಿಗೆ ನಾಲ್ಕೈದು ಎಕರೆ ಬೇಕು. ನಿಮ್ಮ ಎಂಟು ಎಕರೆ ಒಂದೂವರೆ ಮೆಗಾವ್ಯಾಟಿಗೆ ಸಾಲುತ್ತದೆ. ಆದರೆ ಸಾಲ, ಮಾರಾಟದ ದರ, ನಿರ್ವಹಣೆ ಎಲ್ಲ ಹೊರೆಯೂ ನಿಮ್ಮ ತಲೆಯ ಮೇಲೆ. ಈಗಾಗಲೇ ಸಾಲವಿರುವವರಿಗೆ, ಜೊತೆಗಾರರಿಲ್ಲದೆ, ಇದನ್ನು ಒಬ್ಬರೇ ಮಾಡಿ ಎಂದು ನಾನು ಹೇಳಲಾರೆ.

ಅದೇ ಜಾಗಕ್ಕೆ ಗಾಳಿಯಂತ್ರವೂ ಬರಬಹುದು ಎಂಬ ಮಾತು ಮುಂದೆ ಎದ್ದರೆ, ಅದು ನೆಲವನ್ನು ಕಡಿಮೆ ಆಕ್ರಮಿಸುತ್ತದೆ, ಆಕಾಶವನ್ನು ಹೆಚ್ಚು. ಮಹಾರಾಷ್ಟ್ರದ ಸತಾರಾ ಬಳಿಯ ಚಾಳಕೇವಾಡಿ ಬಯಲಿನ ಅಧ್ಯಯನದಲ್ಲಿ ಗಾಳಿಯಂತ್ರಗಳಿದ್ದಲ್ಲಿ ಬೇಟೆ ಹಕ್ಕಿಗಳು ತೀರಾ ಕಡಿಮೆಯಾಗಿ, ಅವು ತಿನ್ನುತ್ತಿದ್ದ ಓತಿಗಳು ಹೆಚ್ಚಾಗಿದ್ದವು. ಒಂದು ಕೊಂಡಿ ಸಡಿಲವಾದರೆ ಸರಪಳಿಯೇ ಬದಲಾಗುತ್ತದೆ.

ಕೊನೆಯದಾಗಿ, ಉಳಿಸಿಕೊಂಡ ಆರು ಎಕರೆಯನ್ನು ಏನು ಮಾಡುವುದು. ಬಳ್ಳಾರಿ ಜಾಲಿ ನುಗ್ಗಿದ್ದರೆ ಕಡಿದರೆ ಸಾಲದು, ಬುಡದಲ್ಲಿ ಒಂದಡಿ ಅಗೆದು ಬೇರಿನ ಗಂಟು ಸಮೇತ ಕೀಳಬೇಕು. ಇಲ್ಲದಿದ್ದರೆ ಒಂದಕ್ಕೆ ಹತ್ತು ಚಿಗುರುತ್ತದೆ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ ಕಿತ್ತುಬಿಡಿ. ಗುಂಡಿ ಬಿದ್ದ ಜಾಗಕ್ಕೆ ಮಾತ್ರ ಬಿತ್ತನೆ. ಅಂಜನ ಹುಲ್ಲು ಮತ್ತು ನಿಮ್ಮ ಗೋಮಾಳದಲ್ಲೇ ಇರುವ ಬುಡಕಟ್ಟುವ ಹುಲ್ಲುಗಳ ಬೀಜವನ್ನು ಅಕ್ಟೋಬರ್–ನವೆಂಬರ್‌ನಲ್ಲಿ ಕೈಯಲ್ಲಿ ಸವರಿ ಕೂಡಿಸಿ, ಗೋಣಿಚೀಲದಲ್ಲಿ ಒಣಗಿಸಿಡಿ. ಹೊಸ ಬೀಜ ಸರಿಯಾಗಿ ಮೊಳೆಯುವುದಿಲ್ಲ, ಆರೇಳು ತಿಂಗಳು ಕಳೆಯಬೇಕು. ಮುಂದಿನ ಜೂನ್–ಜುಲೈ ಹದ ಮಳೆಗೆ ಎಕರೆಗೆ ಎರಡು ಕಿಲೋ ಬೀಜವನ್ನು ಒದ್ದೆ ಮಣ್ಣಿನಲ್ಲಿ ಕಲಸಿ, ಎರಡಡಿ ಅಂತರದ ಗೀರುಗಳಲ್ಲಿ, ಒಂದು ಸೆಂಟಿಮೀಟರಿಗಿಂತ ಆಳ ಹೋಗದಂತೆ ಉದುರಿಸಿ. ಉಳುವುದು ಬೇಡ. ಮೊದಲ ಮಳೆಗಾಲ ಆ ತೇಪೆಗಳಿಗೆ ಕುರಿ ಬಿಡಬೇಡಿ. ಎರಡನೇ ವರ್ಷದಿಂದ ಬೀಳನ್ನು ಮೂರು ಭಾಗ ಮಾಡಿ, ಒಂದು ಭಾಗಕ್ಕೆ ಪ್ರತಿ ವರ್ಷ ಬೀಜ ಉದುರುವ ತನಕ ವಿರಾಮ ಕೊಡಿ. ಕುರಿ ಪೂರ್ತಿ ನಿಲ್ಲಿಸುವುದೂ ಒಳ್ಳೆಯದಲ್ಲ. ಮೇಯದ ಹುಲ್ಲು ಒಣಗಿ ಒತ್ತಾಗಿ ಬಿದ್ದರೆ ನೆಲಗುಬ್ಬಿಗೂ ಕೃಷ್ಣಮೃಗಕ್ಕೂ ಬೇಡವಾಗುತ್ತದೆ.

ಮಾತುಕತೆಗೆ ಕೂರುವ ಮೊದಲು ಬೇಸಿಗೆ, ಮಳೆಗಾಲ, ಚಳಿಗಾಲ ಮೂರರಲ್ಲೂ ಅದೇ ನಾಲ್ಕು ಜಾಗಗಳಲ್ಲಿ ನಿಂತು ಫೋಟೋ ತೆಗೆಯಿರಿ, ಮೊದಲು ಹೇಳಿದ ಚೌಕಗಳ ಲೆಕ್ಕ ಜೊತೆಗಿಡಿ, ಎರಡನ್ನೂ ಗುತ್ತಿಗೆ ಪತ್ರಕ್ಕೆ ಲಗತ್ತಿಸಿ. ನೆಲ ಮೊದಲು ಹೇಗಿತ್ತು ಎಂಬುದಕ್ಕೆ 28 ವರ್ಷದ ನಂತರ ನಿಮ್ಮ ಮಕ್ಕಳ ಕೈಯಲ್ಲಿ ಉಳಿಯುವ ಸಾಕ್ಷಿ ಅದೊಂದೇ.